ಹಳದಿ ಗೆರೆಯ ಮೇಲೆ ಬೆರಿಲ್‌ಳ ಕಾರು

ಮೊಬೈಲ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಸ್ಟುವರ್ಟ್ ಅಪ್ಪನ ಕಪ್ಪು ಟೈ ಕಟ್ಟುತ್ತಿದ್ದ. ಗಂಟು ಆಗಲೇ ಎರಡು ಸಲ ಜಾರಿ ಬಿಚ್ಚಿಹೋಗಿತ್ತು. ನಾರ್ಮನ್ ಗದ್ದವೆತ್ತಿ, ಅಡುಗೆಮನೆಯ ಚಾವಣಿಯ ಮೇಲಿದ್ದ ತೇವದ ಕಲೆಯನ್ನು ನೋಡುತ್ತ ನಿಂತಿದ್ದ.

"ಹೌದು, ನಾನು ಮಗ. ಇಲ್ಲ ಇಲ್ಲ, ಪರವಾಗಿಲ್ಲ, ಹೇಳಿ." ಸ್ಟುವರ್ಟ್‌ನ ಕೈ ಗಂಟಿನ ಮೇಲೆಯೇ ನಿಂತಿತು. "ಓ... ಹೌದಾ? ತುಂಬ ಉಪಕಾರ ಆಯ್ತು."

ಫೋನಿಗೆ ಅಂಗೈ ಮುಚ್ಚಿ ಅಪ್ಪನ ಕಡೆ ತಿರುಗಿದ. "ಪುರಸಭೆಯವರು. ಅಮ್ಮನ ಪಾರ್ಕಿಂಗ್ ದಂಡ ರದ್ದು ಮಾಡ್ತಾರಂತೆ. ನಾನು ಬರ್ದಿದ್ದೆನಲ್ಲ, ಅದನ್ನ ನೋಡಿ. ಮಾನವೀಯತೆ ದೃಷ್ಟಿಯಿಂದ ಅಂತೆ. ಕಾರು ನಿನ್ನ ಹೆಸರಲ್ಲಿದೆ, ನೀನು ಹೂಂ ಅಂದ್ರೆ ಇವತ್ತೇ ಮುಗಿಸಿಬಿಡ್ತಾರೆ."

"ಬೇಡ ಅನ್ನು," ಎಂದ ನಾರ್ಮನ್.

"ಏನು ಬೇಡ?"

"ರದ್ದು ಬೇಡ."

ಸ್ಟುವರ್ಟ್ ಅಪ್ಪನ ಮುಖ ನೋಡಿದ. ಅಲ್ಲಿ ಕೋಪವಾಗಲಿ ಹಟವಾಗಲಿ ಕಾಣಲಿಲ್ಲ. ಎರಡು ವಾರದಿಂದ ಇದ್ದ ಹಾಗೇ ಇತ್ತು, ಬೀಗ ಹಾಕಿ ಹೋದ ಅಂಗಡಿಯ ಹಾಗೆ. ಅವನು ಫೋನಿನಲ್ಲಿ, ನಾಳೆ ತಿಳಿಸುತ್ತೇವೆ, ಇವತ್ತು ಅಮ್ಮನ ಅಂತ್ಯಕ್ರಿಯೆ ಇದೆ, ಎಂದ. ಆ ಕಡೆಯ ಹೆಂಗಸು ಗಾಬರಿಯಾಗಿ ಬಹಳ ಸಲ ಕ್ಷಮೆ ಕೇಳಿದಳು.

"ಯಾಕಪ್ಪಾ ಬೇಡ?" ಫೋನ್ ಇಟ್ಟು ಕೇಳಿದ.

"ಗೊತ್ತಿಲ್ಲ," ಎಂದ ನಾರ್ಮನ್. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

"ನಿನಗೆ ತಲೆ ಓಡ್ತಿಲ್ಲ. ಇರ್ಲಿ, ನಾಳೆ ಮಾತಾಡೋಣ. ದಂಡದ ಮಾತು ಹೋಗ್ಲಿ, ಆ ಚೀಟಿ ಅಂಟಿಸಿದ ವಾರ್ಡನ್ ಹೆಂಗಸನ್ನ ಮಾತ್ರ ನಾನು ಸುಮ್ನೆ ಬಿಡಲ್ಲ. ದೂರು ಕೊಡ್ತೀನಿ. ಐವಿ ಕಿಟಕಿಯಿಂದ ಎಲ್ಲಾ ನೋಡಿದಾಳೆ, ಅವಳು ಸಾಕ್ಷಿ ಹೇಳಿದ್ರೆ ಸಾಕು. ಎಪ್ಪತ್ತು ವರ್ಷದ ಹೆಂಗಸಿನ ಮೇಲೆ ನಡುಬೀದಿಲಿ ಕೂಗಾಡಿ, ಎದೆ ಒಡೆಸಿ..."

ಹೊರಗೆ ಕಾರಿನ ಬಾಗಿಲು ಮೆಲ್ಲಗೆ ಹಾಕಿದ ಸದ್ದಾಯಿತು. ಶವದ ಗಾಡಿ ಬಂದಿತ್ತು.

ನಡೆದದ್ದು ಇಷ್ಟು. ಎರಡು ವಾರದ ಹಿಂದೆ, ಮಂಗಳವಾರ ಮಧ್ಯಾಹ್ನ ಬೆರಿಲ್ ತನ್ನ ಪುಟ್ಟ ನೀಲಿ ಕಾರನ್ನು ಕ್ವೇ ಸ್ಟ್ರೀಟಿನ ಅಂಚಿಗೆ ಎಳೆದ ಒಂಟಿ ಹಳದಿ ಗೆರೆಯ ಮೇಲೆ ನಿಲ್ಲಿಸಿ, ಗಿರಾಕಿ ಐವಿ ಪ್ಲಾಟ್‌ಳ ತಲೆ ತೊಳೆದು ಕೂದಲಿಗೆ ಸುರುಳಿ ಹಾಕಲು ಮಹಡಿ ಹತ್ತಿದ್ದಳು. ಕೆಳಗೆ ಪುರಸಭೆಯ ಪಾರ್ಕಿಂಗ್ ವಾರ್ಡನ್ ಕಾರಿನ ಗಾಜಿಗೆ ದಂಡದ ಚೀಟಿ ಅಂಟಿಸಿದಳು. ಬೆರಿಲ್ ಇಳಿದು ಬಂದು ಅವಳ ಜೊತೆ ಮಾತಾಡಿದಳು. ಮತ್ತೆ ಮಹಡಿ ಹತ್ತಿದಳು, ಕುರ್ಚಿಯಲ್ಲಿ ಕೂತಳು, ಸತ್ತಳು.

*

ಹೇಲ್‌ಬಿಯಂಥ ಸಣ್ಣ ಬಂದರಿನ ಊರಿನಲ್ಲಿ ಮುದುಕಿಯರಿಗೆ ಕಡಿಮೆಯಿಲ್ಲ. ಬೆರಿಲ್ ಕೆಲಸಕ್ಕಿದ್ದ ಸಲೂನು ಮುಚ್ಚಿದಾಗ ಅವಳಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮಾಲೀಕಳು ಸಂಬಳದ ಬಾಕಿಯ ಬದಲು ತಲೆಗೆ ಕವುಚಿ ಕೂದಲು ಒಣಗಿಸುವ ದೊಡ್ಡ ಡ್ರೈಯರೊಂದನ್ನು ಕೊಟ್ಟು ಕಳಿಸಿದ್ದಳು. ಬೆರಿಲ್ ಅದನ್ನು ಕಾರಿಗೆ ಹೇರಿಕೊಂಡು ಮನೆಮನೆಗೆ ಹೋಗತೊಡಗಿದಳು. ಮೆಟ್ಟಿಲು ಇಳಿಯಲಾಗದವರು, ಗಂಡನನ್ನು ಬಿಟ್ಟು ಬರಲಾಗದವರು, ಕನ್ನಡಿ ನೋಡುವುದನ್ನೇ ಬಿಟ್ಟವರು ಅವಳ ಗಿರಾಕಿಗಳು. ಹಾಸಿಗೆ ಹಿಡಿದವರಿಗೆ ಹಾಸಿಗೆಯಲ್ಲೇ ತಲೆ ತೊಳೆಯುತ್ತಿದ್ದಳು. ಮೂರ್ನಾಲ್ಕು ಸಲ, ಹೆಣವಾದ ಮೇಲೂ ಹೋಗಿ ಕೂದಲು ಸರಿಮಾಡಿ ಬಂದಿದ್ದಳು. ಆ ದಿನಗಳಲ್ಲಿ ಮನೆಗೆ ಬಂದು ಏನೂ ಹೇಳದೆ, ಸಿಂಕಿನ ಮುಂದೆ ಬಹಳ ಹೊತ್ತು ಕೈ ತೊಳೆಯುತ್ತಿದ್ದಳು.

ತೊಂದರೆ ಇದ್ದದ್ದು ಕಾರು ನಿಲ್ಲಿಸುವುದರಲ್ಲಿ. ಡ್ರೈಯರು ಹೊರಲಾರದ ಭಾರ, ಅವಳ ಬಲಭುಜ ಆಗಲೇ ಸೋತಿತ್ತು, ಗಿರಾಕಿಯ ಬಾಗಿಲ ಮುಂದೆಯೇ ಕಾರು ನಿಲ್ಲಬೇಕಿತ್ತು. ಜೋಡಿ ಹಳದಿ ಗೆರೆ ಎಳೆದು ಪೂರ್ತಿ ನಿಷೇಧಿಸಿದ್ದಲ್ಲಿ ಅವಳು ಎಂದೂ ನಿಲ್ಲಿಸಿದವಳಲ್ಲ. ಒಂಟಿ ಗೆರೆಯ ಮಾತು ಬೇರೆ. ಸಂಜೆ ಆರು ದಾಟಿದರೆ ಅಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು. ಹಗಲಲ್ಲಿ ಸಾಮಾನು ಇಳಿಸುವಷ್ಟು ಹೊತ್ತು ಮಾತ್ರ. ಇಳಿಸುವುದು ಎಷ್ಟು ಹೊತ್ತಿಗೆ ಮುಗಿಯಿತು ಎನ್ನುವುದೇ ಬೆರಿಲ್‌ಗೂ ಪುರಸಭೆಗೂ ಇದ್ದ ತಕರಾರು. ಡ್ರೈಯರು ಕೋಣೆಗೆ ಬಂದರೆ ಮುಗಿಯಿತು ಎಂದು ಪುರಸಭೆ. ಮುದುಕಿಯ ಕೂದಲು ಒಣಗಿ ಡ್ರೈಯರು ವಾಪಸು ಕಾರು ಸೇರುವವರೆಗೆ ಅದೆಲ್ಲ ಒಂದೇ ಕೆಲಸ ಎಂದು ಬೆರಿಲ್.

ಚೀಟಿ ಸಿಕ್ಕಿದ ರಾತ್ರಿ ಅವಳ ಮುಖಕ್ಕೆ ಕಳೆ ಬರುತ್ತಿತ್ತು. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಪುರಸಭೆಗೆ ಕಾಗದ ಬರೆಯಲು ಕೂರುತ್ತಿದ್ದಳು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದಳು.

"ದಂಡ ಕಟ್ಟಿ ಬಿಸಾಕು ಮಾರಾಯ್ತಿ," ಎನ್ನುತ್ತಿದ್ದ ನಾರ್ಮನ್, ಪೇಪರಿನ ಹಿಂದಿನಿಂದ.

"ಯಾಕೆ ಕಟ್ಲಿ? ತಪ್ಪು ಮಾಡಿದೀನಾ?"

"ಮಾಡಿದೀಯ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವರು ತೋರಿಸ್ಲಿ ನೋಡೋಣ."

ಕೆಲವು ಸಲ ಗೆಲ್ಲುತ್ತಿದ್ದಳು, ಹಲವು ಸಲ ಸೋಲುತ್ತಿದ್ದಳು. ಸೋತರೆ ಮರುಮಾತಾಡದೆ ಹೋಗಿ ಕಟ್ಟಿ ಬರುತ್ತಿದ್ದಳು, ದಾರಿಯಲ್ಲಿ ಇಬ್ಬರಿಗೂ ಕೇಕು ತರುತ್ತಿದ್ದಳು. ದೋಣಿಯ ಇಂಜಿನು ರಿಪೇರಿ ಮಾಡಿಕೊಂಡು ಬದುಕು ಕಳೆದಿದ್ದ ನಾರ್ಮನ್‌ಗೆ ಈ ಆಟ ಅರ್ಥವಾಗುತ್ತಿರಲಿಲ್ಲ. ಇಂಜಿನು ಕೆಟ್ಟಿದ್ದರೆ ಕೆಟ್ಟಿದೆ, ಸರಿಯಾಗಿದ್ದರೆ ಸರಿ. ಅದರ ಜೊತೆ ವಾದ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ.

*

ಚಿತಾಗಾರದ ಪ್ರಾರ್ಥನಾ ಮಂದಿರದಲ್ಲಿ ನಾರ್ಮನ್‌ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಸೊಂಟದ ನೋವಿಗೆ ಮಗ ಒಂದು ದಿಂಬು ತಂದಿದ್ದ. ಹಿಂದೆ ಜನ ಸೇರುವ ಸದ್ದು ಕೇಳುತ್ತಿತ್ತು: ಊರುಗೋಲು, ಚಕ್ರದ ನಡೆಗೋಲು, ಕೆಮ್ಮು. ತಿರುಗಿ ನೋಡಿದ. ಬೆಂಚುಗಳ ತುಂಬ ಮುದುಕಿಯರು. ಅವರಲ್ಲಿ ಏನೋ ಸರಿಯಿಲ್ಲ ಎನ್ನಿಸಿತು. ಏನೆಂದು ಹೊಳೆಯಲು ತುಸು ಹೊತ್ತು ಹಿಡಿಯಿತು. ಯಾರ ಕೂದಲೂ ನೆಟ್ಟಗಿರಲಿಲ್ಲ. ಕೆಲವರದು ತಲೆಗೆ ಅಂಟಿಕೊಂಡಿತ್ತು, ಕೆಲವರದು ದಿಂಬಿನ ಮೇಲೆ ಮಲಗಿದ್ದ ಹಾಗೇ ಎದ್ದು ಬಂದಿತ್ತು. ಇಬ್ಬರು ಮೂವರು ಸ್ಕಾರ್ಫು ಕಟ್ಟಿದ್ದರು.

"ಡೋರಾನ ನೋಡು, ಬೇರೆ ಯಾರ ಹತ್ರಾನೋ ಮಾಡಿಸ್ಕೊಂಡು ಬಂದಿದಾಳೆ," ಎಂದು ಹಿಂದಿನ ಬೆಂಚಿನಲ್ಲಿ ಒಬ್ಬಳು ಪಿಸುಗುಟ್ಟಿದಳು. ಕಿವಿ ಮಂದವಾದ್ದರಿಂದ ಆ ಪಿಸುಮಾತು ಇಡೀ ಮಂದಿರಕ್ಕೆ ಕೇಳಿತು.

"ಸೊಸೆ ಮಾಡಿದ್ದು ಕಣೆ. ನಾನೇನೂ ಕೇಳಿರ್ಲಿಲ್ಲ," ಎಂದಳು ಡೋರಾ.

"ಇವತ್ತೊಂದು ದಿನ ತಡ್ಕೊಳ್ಳಕ್ಕಾಗ್ಲಿಲ್ವಾ ನಿನಗೆ?"

"ಹೇಗೂ ಚೆನ್ನಾಗಿಲ್ಲ ಬಿಡು. ಬೆರಿಲ್ ನೋಡಿದ್ರೂ ಬೇಜಾರು ಮಾಡ್ಕೊಳ್ತಿರ್ಲಿಲ್ಲ."

ಪಾದ್ರಿ ಬಂದ. ಬೆರಿಲ್‌ಳನ್ನು ಅವನು ಕಂಡಿರಲಿಲ್ಲ. ಸ್ಟುವರ್ಟ್ ಹೇಳಿದ್ದನ್ನು ಬರೆದುಕೊಂಡಿದ್ದ. ಸಮಾಜಕ್ಕೆ ಸೇವೆ, ಶಾಂತ ಸ್ವಭಾವ, ನೆಮ್ಮದಿಯ ಸಾವು, ಎಂದ. ಶಾಂತ ಸ್ವಭಾವ ಎಂದಾಗ ಹಿಂದೆ ಯಾರೋ ಮೂಗಿನಲ್ಲಿ ನಕ್ಕ ಹಾಗಾಯಿತು. ಶವಪೆಟ್ಟಿಗೆಯ ಮುಂದೆ ಪರದೆ ತಾನಾಗಿ ಎಳೆದುಕೊಂಡಿತು. ನಾರ್ಮನ್‌ಗೆ ಅಳು ಬರಲಿಲ್ಲ. ಪರದೆಯ ಮೋಟಾರಿಗೆ ಎಣ್ಣೆ ಬೇಕು ಎಂದು ಮಾತ್ರ ಅನ್ನಿಸಿತು.

ಹೊರಗೆ ಬರುವಾಗ ಕೊನೆಯ ಬೆಂಚಿನ ತುದಿಯಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಒಬ್ಬಳೇ ನಿಂತಿದ್ದಳು. ಮುದುಕಿಯರ ಗುಂಪಿಗೆ ಸೇರಿದವಳಲ್ಲ. ಬೂದು ಕೋಟು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸಣ್ಣ ಹೂಗೊಂಚಲು. ನಾರ್ಮನ್ ಎಲ್ಲರಿಗೂ ತಲೆಯಾಡಿಸಿದ ಹಾಗೆ ಅವಳಿಗೂ ತಲೆಯಾಡಿಸಿ ಮುಂದೆ ಹೋದ.

*

ಬೆರಿಲ್ ಸತ್ತ ವಾರ ಮನೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ವಿಷಯ ಗೊತ್ತಿಲ್ಲದವರು ಹೊತ್ತು ಗೊತ್ತುಪಡಿಸಿಕೊಳ್ಳಲು ಮಾಡುತ್ತಿದ್ದ ಫೋನು. ಸತ್ತಳು ಎನ್ನುವ ಮಾತು ನಾರ್ಮನ್‌ನ ಬಾಯಿಂದ ಹೊರಡುತ್ತಿರಲಿಲ್ಲ. "ಬೆರಿಲ್ ಮನೇಲಿಲ್ಲ," ಎನ್ನುತ್ತಿದ್ದ. "ಯಾವಾಗ ಬರ್ತಾಳೆ?" ಎಂದರೆ "ಹೇಳಿ ಹೋಗಿಲ್ಲ," ಎನ್ನುತ್ತಿದ್ದ. ಒಬ್ಬಳು, ಶನಿವಾರ ಮೊಮ್ಮಗಳ ಮದುವೆ ಇದೆ, ಇಷ್ಟು ಬೇಜವಾಬ್ದಾರಿಯಾದರೆ ಹೇಗೆ, ಎಂದು ಬೈದಳು. ಅವನು ಪೂರ್ತಿ ಬೈಸಿಕೊಂಡ. ಇನ್ನೊಬ್ಬಳು ಗುರುವಾರ ಸಂಜೆ ಫೋನು ಮಾಡಿ, ತನಗೆ ಇವತ್ತು ಬರಲು ಹೇಳಿದ್ದರು, ವಿಳಾಸ ಮರೆತಿದ್ದೇನೆ, ಎಂದಳು. "ಬೆರಿಲ್ ಮನೇಲಿಲ್ಲ," ಎಂದ. "ಪರವಾಗಿಲ್ಲ ಸರ್, ಇನ್ನೊಮ್ಮೆ ಮಾಡ್ತೀನಿ," ಎಂದು ಆ ದನಿ ಬಹಳ ಮರ್ಯಾದೆಯಿಂದ ಹೇಳಿತು. ಆಮೇಲೆ ಸ್ಟುವರ್ಟ್ ಬಂದು ಫೋನಿನ ತಂತಿ ಕಿತ್ತಿಟ್ಟ.

*

ಪ್ರಾರ್ಥನಾ ಮಂದಿರದ ಹಿಂದಿನ ಹಜಾರದಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು, ಸ್ವಲ್ಪ ಶೆರಿ ವೈನು ಇಟ್ಟಿದ್ದರು. ಮುದುಕಿಯರು ತಟ್ಟೆ ತುಂಬಿಸಿಕೊಂಡು ಗೋಡೆಯುದ್ದಕ್ಕೂ ಕೂತರು. ಐವಿ ಪ್ಲಾಟ್‌ಳಿಗೆ ತೊಂಬತ್ತು ದಾಟಿತ್ತು, ಆದರೆ ದನಿ ಮೆತ್ತಗಾಗಿರಲಿಲ್ಲ. ಸ್ಟುವರ್ಟ್ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅಪ್ಪನನ್ನೂ ಕೂರಿಸಿದ.

"ಐವಿ, ಆವತ್ತು ನೀವು ಕಿಟಕಿಯಿಂದ ನೋಡಿದ್ದನ್ನ ಒಂದು ಸಲ ನನಗೆ ಹೇಳ್ಬೇಕು. ಅವಳು ಅಮ್ಮನ ಮೇಲೆ ಕೂಗಾಡಿದ್ದು."

"ಯಾರು ಕೂಗಾಡಿದ್ದು?"

"ವಾರ್ಡನ್."

"ವಾರ್ಡನ್ ಎಲ್ಲಿ ಕೂಗಾಡಿದ್ಳು? ಕೂಗಾಡಿದ್ದೆಲ್ಲಾ ನಿಮ್ಮಮ್ಮ."

ಅಷ್ಟರಲ್ಲಿ ಬೂದು ಕೋಟಿನ ಹೆಂಗಸು ಹಜಾರದ ಬಾಗಿಲಲ್ಲಿ ಕಾಣಿಸಿಕೊಂಡು, ಹೂವನ್ನು ಎಲ್ಲಿಡುವುದೆಂದು ತೋಚದೆ ಸುತ್ತ ನೋಡಿ, ಕೊನೆಗೆ ನಾರ್ಮನ್‌ನ ಕಡೆಗೇ ಬಂದಳು.

"ಮಿಸ್ಟರ್ ಹೆಸ್ಕೆತ್, ನಾನು ಲೊರೇನ್. ಒಳಗೆ ಬರಬಾರದಿತ್ತೇನೋ. ಇದನ್ನ ಕೊಟ್ಟು ಹೋಗ್ತೀನಿ."

ಆ ದನಿ ಎಲ್ಲೋ ಕೇಳಿದ್ದು ಎನ್ನಿಸಿತು ನಾರ್ಮನ್‌ಗೆ. "ಅಮ್ಮನ ಗಿರಾಕಿನಾ?" ಎಂದು ಸ್ಟುವರ್ಟ್ ಎದ್ದು ಕೈ ಚಾಚಿದ.

"ಇಲ್ಲ. ಆಗಬೇಕಿತ್ತು. ಆ ಚೀಟಿ ಕೊಟ್ಟವಳು ನಾನೇ."

ಸ್ಟುವರ್ಟ್‌ನ ಕೈ ಅಲ್ಲೇ ನಿಂತಿತು. ಹತ್ತಿರದ ಇಬ್ಬರು ಮುದುಕಿಯರು ಸ್ಯಾಂಡ್‌ವಿಚ್ಚು ಅಗಿಯುವುದನ್ನು ನಿಲ್ಲಿಸಿದರು.

"ನಾಚಿಕೆ ಆಗಲ್ವಾ ನಿಮಗೆ?" ಅವನ ದನಿ ಏರಿತು. "ಇಲ್ಲಿಗೆ ಬಂದು, ಹೂ ಬೇರೆ..."

"ಸ್ಟುವರ್ಟ್, ಒಂದು ಕುರ್ಚಿ ತಾ," ಎಂದ ನಾರ್ಮನ್.

"ಅಪ್ಪಾ, ಇವಳು..."

"ಕೇಳಿಸ್ತು. ಕುರ್ಚಿ ತಾ."

ಲೊರೇನ್ ಕುರ್ಚಿಯ ಅಂಚಿನಲ್ಲಿ ಕೂತಳು. ಬಿಸ್ಕತ್ತು ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಇದು, ಸೇರಿ ಇನ್ನೂ ತಿಂಗಳಾಗಿರಲಿಲ್ಲ, ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, ಹೇಳತೊಡಗಿದಳು.

"ನಾನು ಚೀಟಿ ಅಂಟಿಸ್ತಿದ್ದೆ. ಮೇಲಿಂದ ಬಂದ್ರು, ಕೈಯಲ್ಲಿ ಬಾಚಣಿಗೆ. ನಾನು ಸಾಮಾನು ಇಳಿಸ್ತಿದೀನಿ, ನಿನಗೆ ಕಣ್ಣಿಲ್ವಾ ಅಂದ್ರು. ನನಗೆ ಕಾಣ್ತಿಲ್ಲ ಮೇಡಂ ಅಂದೆ. ಕಾಣಲ್ಲ ಕಣೆ, ಆ ಟೋಪಿ ಒಳಗೆ ಮುಖಾನೇ ಮುಚ್ಚಿಹೋಗಿದೆ ಅಂದ್ರು. ಅಂದು ನನ್ನ ಟೋಪಿ ತೆಗೆದೇಬಿಟ್ರು, ನಡುಬೀದಿಲಿ. ಕೂದಲು ಮುಟ್ಟಿ ನೋಡಿ, ಅಯ್ಯೋ, ಯಾರು ಹೀಗೆ ಹಾಳು ಮಾಡಿದ್ದು ಇದನ್ನ ಅಂದ್ರು. ನಾನೇ ಕತ್ತರಿಸ್ಕೊಳ್ತೀನಿ ಅಂದೆ." ಅವಳು ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. "ಗುರುವಾರ ಕೆಲಸ ಮುಗಿಸ್ಕೊಂಡು ಬಾ, ದುಡ್ಡು ಬೇಡ, ಆದ್ರೆ ಈ ಚೀಟಿ ವಿಷಯದಲ್ಲಿ ನಿಮ್ಮ ಪುರಸಭೆನ ಬಿಡಲ್ಲ, ಅದು ಬೇರೆ ಇದು ಬೇರೆ ಅಂದ್ರು. ಗುರುವಾರ ಫೋನ್ ಮಾಡಿದೆ. ಮನೇಲಿಲ್ಲ ಅಂದ್ರು."

"ನಾನೇ ಅಂದಿದ್ದು," ಎಂದ ನಾರ್ಮನ್.

"ಮಾರನೇ ದಿನ ಆಫೀಸಲ್ಲಿ ಗೊತ್ತಾಯ್ತು. ಆವತ್ತಿಂದ ಒಂದೇ ಯೋಚನೆ ಸರ್. ನಾನು ಅವರನ್ನ ಆ ಮೆಟ್ಟಿಲು ಇಳಿಸಿ ಹತ್ತಿಸದೇ ಇದ್ದಿದ್ರೆ ಅಂತ."

ಐವಿ ತನ್ನ ಚಹಾದ ಬಟ್ಟಲನ್ನು ನಾರ್ಮನ್‌ನ ಕೈಗೆ ಕೊಟ್ಟಳು, ಹಿಡಿದುಕೊ ಎನ್ನುವಂತೆ.

"ಮೆಟ್ಟಿಲಂತೆ. ದಿನಕ್ಕೆ ಹತ್ತು ಮನೆ ಮೆಟ್ಟಿಲು ಹತ್ತೋಳು ಅವಳು," ಎಂದಳು. "ನಾನು ಹೇಳ್ತೀನಿ ಕೇಳು. ಮೇಲೆ ಬಂದಾಗ ಅವಳ ಮುಖ ನೋಡ್ಬೇಕಿತ್ತು ನೀನು. ಮದುವೆಗೆ ಹೊರಟೋಳ ಹಾಗಿದ್ಳು. ಐವಿ, ಹೊಸಬಳು ಕಣೆ, ಹೆದರೋ ಪೈಕಿ ಅಲ್ಲ, ಇನ್ಮೇಲೆ ಮಜಾ ಇದೆ ಅಂದ್ಳು. ನನ್ನ ಅರ್ಧ ತಲೆಗೆ ಸುರುಳಿ ಹಾಕಿತ್ತು, ಇನ್ನರ್ಧ ಒದ್ದೆ. ಮೊದಲು ಇದನ್ನ ಮುಗಿಸು, ಚಳಿ ಆಗ್ತಿದೆ ಅಂದೆ. ಒಂದು ನಿಮಿಷ ಇರು, ತಲೇಲಿ ಇರೋವಾಗಲೇ ಕಾಗದ ಶುರು ಮಾಡಿಬಿಡ್ತೀನಿ ಅಂತ ಕುರ್ಚೀಲಿ ಕೂತ್ಳು. ಗಟ್ಟಿಯಾಗಿ ಹೇಳಿದ್ಳು: ಮಾನ್ಯರೆ, ಮತ್ತೆ ನಾನೇ."

ನಾರ್ಮನ್ ಕಾದ. "ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ."

ನಾರ್ಮನ್ ಬಟ್ಟಲನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದ. ಆ ಮಂಗಳವಾರ ಬೆಳಿಗ್ಗೆ ಅವಳು ಹೊರಡುವಾಗ ಏನು ಹೇಳಿದ್ದಳು ಎಂದು ಅವನು ಎರಡು ವಾರದಿಂದ ನೆನಪಿಸಿಕೊಳ್ಳುತ್ತಿದ್ದ. ಪೇಪರಿನಿಂದ ತಲೆ ಎತ್ತಿರಲಿಲ್ಲ, ಏನೂ ನೆನಪಾಗುತ್ತಿರಲಿಲ್ಲ. ಈಗ ಒಂದು ಮಾತು ಸಿಕ್ಕಿತ್ತು. ಅದು ಅವನಿಗೆ ಹೇಳಿದ್ದಲ್ಲ, ಪುರಸಭೆಗೆ ಹೇಳಿದ್ದು. ಆದರೂ ಸಿಕ್ಕಿತ್ತು.

"ಕೂಗಾಡಿ ಎದೆ ಒಡೆಸಿದ್ರು ಅಂತ ನಾನು ಎಲ್ಲೂ ಹೇಳೋದಿಲ್ಲ ಸ್ಟುವರ್ಟ್," ಎಂದಳು ಐವಿ. "ಅಷ್ಟು ಖುಷಿಯಾಗಿ ಸಾಯೋದನ್ನ ನಾನು ಬೇರೆ ಯಾರನ್ನೂ ನೋಡಿಲ್ಲ."

ಸ್ಟುವರ್ಟ್ ಕಿಟಕಿಯ ಕಡೆ ತಿರುಗಿ ನಿಂತ. ಎರಡು ವಾರದಿಂದ ಹೊತ್ತು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ಅವನಿಗೆ ತಿಳಿಯಲಿಲ್ಲ.

ಲೊರೇನ್ ಎದ್ದಳು. ಎದ್ದವಳು ಮತ್ತೆ ಹೇಳಿದಳು: "ಇನ್ನೊಂದು ಮಾತು ಸರ್. ಕಾರಿನ ಡಿಕ್ಕಿ ತೆರೆದೇ ಇತ್ತು. ಡ್ರೈಯರು ಅರ್ಧ ಹೊರಗೆ ಬಂದಿತ್ತು. ಹಾಗಿದ್ರೆ ಇಳಿಸ್ತಿದಾರೆ ಅಂತ ತಿಳಿದು ನಾನು ಸ್ವಲ್ಪ ಕಾಯಬೇಕಿತ್ತು. ಕಾಯಲಿಲ್ಲ. ನೀವು ತಕರಾರು ಹಾಕಿದ್ರೆ ಅದನ್ನ ನಾನು ಹೇಳ್ತೀನಿ."

ನಾರ್ಮನ್‌ನ ಬಾಯಿಯ ಒಂದು ಕೊನೆ ಸ್ವಲ್ಪ ಮೇಲೆದ್ದಿತು. "ಅದು ಅವಳ ಉಪಾಯ ಕಣಮ್ಮ. ಡಿಕ್ಕಿ ತೆರೆದಿದ್ರೆ ಸಾಮಾನು ಇಳಿಸ್ತಿರೋ ಗಾಡಿ, ಮುಚ್ಚಿದ್ರೆ ನಿಲ್ಲಿಸಿರೋ ಗಾಡಿ ಅಂತಿದ್ಳು. ಮಳೇಲೂ ತೆರೆದಿಟ್ಟು ಹೋಗೋಳು. ಡ್ರೈಯರು ಎಷ್ಟು ಸಲ ನೆಂದಿದ್ಯೋ."

"ಹಾಗಾದ್ರೆ... ಹೇಳ್ಲಾ ಬೇಡ್ವಾ?"

"ನೋಡಿದ್ದನ್ನ ಹೇಳು. ಉಳಿದಿದ್ದನ್ನ ನಾನು ಹೇಳ್ತೀನಿ."

ಅವಳು ಹೊರಡುವಾಗ ಐವಿ ಅವಳ ತಲೆಯನ್ನೇ ನೋಡುತ್ತಿದ್ದು, ಬಾಗಿಲು ಮುಚ್ಚಿದ ಮೇಲೆ, "ನಿಜವಾಗ್ಲೂ ಹಾಳು ಮಾಡ್ಕೊಂಡಿದಾಳೆ ಪಾಪ," ಎಂದಳು.

*

ಹಜಾರ ಖಾಲಿಯಾಗುವ ಹೊತ್ತಿಗೆ ಇನ್ನೂ ಐದು ಗಂಟೆ ಆಗಿರಲಿಲ್ಲ. ಬೆರಿಲ್‌ಳ ನೀಲಿ ಕಾರಿನಲ್ಲಿ ಐವಿಯನ್ನು ಮನೆಗೆ ಬಿಡಲು ಹೊರಟರು. ಸ್ಟುವರ್ಟ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಐವಿ ಆಗಲೇ ತೂಕಡಿಸುತ್ತಿದ್ದಳು.

"ನಾಳೆ ಫೋನ್ ಮಾಡಿ ಹೇಳು," ಎಂದ ನಾರ್ಮನ್. "ಕನಿಕರ ತೋರಿಸಿ ರದ್ದು ಮಾಡೋದು ಬೇಡ. ತಕರಾರು ಅಂತ ತಗೊಂಡು, ಸರಿನಾ ತಪ್ಪಾ ಹೇಳ್ಲಿ."

"ಅಪ್ಪಾ, ಅಮ್ಮ ಡಿಕ್ಕಿ ತೆರೆದಿಟ್ಟು ಮೇಲೆ ಹೋಗಿ ತಲೆ ತೊಳೀತಾ ಇದ್ಳು. ಯಾವ ಲೆಕ್ಕದಲ್ಲಿ ಅದು ಇಳಿಸೋದು?"

"ಅದನ್ನೇ ಅವರೂ ಕೇಳ್ತಾರೆ."

"ಸೋಲ್ತೀವಿ."

"ಸೋತ್ರೆ ಕಟ್ಟೋಣ. ಅವಳು ಎಷ್ಟೋ ಸಲ ಸೋತಿದಾಳೆ. ಪಾಪ ಅನ್ನಿಸ್ಕೊಂಡು ಮಾತ್ರ ಒಂದು ಸಲಾನೂ ಗೆದ್ದಿಲ್ಲ."

ಸ್ಟುವರ್ಟ್ ಕ್ವೇ ಸ್ಟ್ರೀಟಿಗೆ ತಿರುಗಿದ. ಐವಿಯ ಬಾಗಿಲ ಮುಂದೆ ಹಳದಿ ಗೆರೆಯುದ್ದಕ್ಕೂ ಖಾಲಿಯಿತ್ತು. ಬಂದರಿನ ತುದಿಯಲ್ಲಿದ್ದ ನಿಲುಗಡೆಯ ಜಾಗದ ಕಡೆ ಒಮ್ಮೆ ನೋಡಿ, ತೊಂಬತ್ತರ ಮುದುಕಿಯನ್ನು ಅಷ್ಟು ದೂರದಿಂದ ನಡೆಸುವ ಯೋಚನೆ ಬಿಟ್ಟು, ಗೆರೆಯ ಮೇಲೆಯೇ ನಿಲ್ಲಿಸಿದ.

ನಾರ್ಮನ್ ಐವಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಸೊಂಟ ಹಿಡಿದ ಮುದುಕ, ಮಂಡಿ ಹಿಡಿದ ಮುದುಕಿ. ಪ್ರತಿ ಮೆಟ್ಟಿಲಿಗೂ ನಿಂತರು. ಮೇಲೆ ಅವಳ ಕೋಟು ತೆಗೆಸಿ, ಹೀಟರು ಹಚ್ಚಿ, ನೀರು ಕಾಯಿಸಲಿಟ್ಟು, ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದ. ಮಾಮೂಲಿ ಮರದ ಕುರ್ಚಿ. ಬೆನ್ನಿಗೆ ಒಂದು ಟವೆಲು ನೇತುಹಾಕಿತ್ತು.

"ಕೂತ್ಕೊಳ್ತೀಯಾ ಸ್ವಲ್ಪ ಹೊತ್ತು?" ಎಂದಳು ಐವಿ.

ಅವನು ಕೂತ. ಕುದಿಯುವ ನೀರಿನ ಸದ್ದು ಏರಿ ನಿಂತಿತು. ಎದ್ದು ಚಹಾ ಮಾಡಿಕೊಟ್ಟ, ಮತ್ತೆ ಕೂತ. ಸ್ವಲ್ಪ ಹೊತ್ತಿನ ಮೇಲೆ ನಾರ್ಮನ್ ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿದ.

ಬೀದಿಯ ಆ ತುದಿಯಿಂದ ಟೋಪಿ ಹಾಕಿದ ವಾರ್ಡನ್ ಒಬ್ಬ, ಒಂದೊಂದೇ ಕಾರಿನ ಗಾಜು ನೋಡುತ್ತ ನಿಧಾನಕ್ಕೆ ಬರುತ್ತಿದ್ದ. ಸ್ಟುವರ್ಟ್ ನೀಲಿ ಕಾರಿನ ಹಿಂದೆ, ಸಾವಿನ ಕಪ್ಪು ಸೂಟಿನಲ್ಲಿ, ಖಾಲಿ ಡಿಕ್ಕಿಯ ಬಾಗಿಲನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದು ನಿಂತಿದ್ದ.